ಸ್ಕ್ಯಾಟರೋಮೀಟರ್ ಡೇಟಾ ಎಡವಟ್ಟಾಗಿ ಕಾಣುತ್ತಿದೆಯಾ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸಮುದ್ರದ ಮೇಲಿನ ಗಾಳಿ ತಿಳಿಯಲು ಉಪಗ್ರಹದಲ್ಲಿಡುವ ರಾಡಾರ್ ಸ್ಕ್ಯಾಟರೋಮೀಟರ್. ಅದರ ಡೇಟಾದಿಂದ ಅರಬ್ಬಿ ಸಮುದ್ರದ ಗಾಳಿಯ ಮ್ಯಾಪ್ ಹಾಕಿದ್ದೀರಿ. ಬಾಣಗಳೆಲ್ಲ ಉಲ್ಟಾ ಇವೆ. ಇಲ್ಲವೇ ಒಂದು ಮೂಲೆಯಲ್ಲಿ ಗಾಳಿ ಸೆಕೆಂಡಿಗೆ 20 ಮೀಟರ್ ಅಂತ ಬಂದಿದೆ, ಪಕ್ಕದಲ್ಲೇ 5. ತಕ್ಷಣ ಉಪಗ್ರಹದ ಮೇಲೆ ಅನುಮಾನ ಬರುತ್ತದೆ. ಆದರೆ ಇಂಥ ದೂರುಗಳಲ್ಲಿ ಉಪಕರಣದ ತಪ್ಪು ಇರುವುದು ಅಪರೂಪ. ಫೈಲ್ ಓದಿದ ರೀತಿ, ನೋಡದೇ ಬಿಟ್ಟ ಫ್ಲ್ಯಾಗ್ (ಡೇಟಾದ ಗುಣಮಟ್ಟ ಹೇಳುವ ಗುರುತು), ಹೋಲಿಸಬಾರದ್ದನ್ನು ಹೋಲಿಸಿದ್ದು: ಬಹುಪಾಲು ದೋಷ ಈ ಮೂರರಲ್ಲೇ ಸಿಗುತ್ತದೆ. ಹಾಗಾಗಿ ಹುಡುಕಾಟ ನಮ್ಮ ಕಂಪ್ಯೂಟರಿನಿಂದ ಶುರುವಾಗಿ ಆಮೇಲೆ ಆಕಾಶಕ್ಕೆ ಹೋಗಬೇಕು.

ಇಸ್ರೋದ ಓಷನ್‌ಸ್ಯಾಟ್-2, ಸ್ಕ್ಯಾಟ್‌ಸ್ಯಾಟ್-1, ಇಒಎಸ್-06 ಮತ್ತು ಯುರೋಪಿನ ಮೆಟಾಪ್ ಉಪಗ್ರಹಗಳಲ್ಲಿರುವ ಆಸ್ಕ್ಯಾಟ್ ಎಂಬ ಸ್ಕ್ಯಾಟರೋಮೀಟರಿನ ಡೇಟಾ ಬಳಸುವ ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸುಲಭದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ.

ಮೊದಲು ಇಷ್ಟು ಗೊತ್ತಿರಲಿ

ಸ್ಕ್ಯಾಟರೋಮೀಟರ್ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮೈಕ್ರೋವೇವ್ ಕಿರಣವನ್ನು ಓರೆಯಾಗಿ ಕೆಳಗೆ ಕಳಿಸಿ, ಎಷ್ಟು ವಾಪಸ್ ಬಂತು ಅಂತ ಅಳೆಯುತ್ತದೆ. ಮಳೆ ನಿಂತ ಮೇಲೆ ರಾತ್ರಿ ಬೈಕ್ ಓಡಿಸಿದವರಿಗೆ ಇದು ಗೊತ್ತೇ ಇರುತ್ತದೆ. ನೀರು ನಿಂತ ನುಣುಪು ರಸ್ತೆಯಲ್ಲಿ ಹೆಡ್‌ಲೈಟಿನ ಬೆಳಕು ಮುಂದಕ್ಕೆ ಜಾರಿ ಹೋಗುತ್ತದೆ, ರಸ್ತೆ ಕಪ್ಪಗೆ ಕಾಣುತ್ತದೆ. ಒರಟು ರಸ್ತೆಯಾದರೆ ಅದೇ ಬೆಳಕು ಕಣ್ಣಿಗೆ ವಾಪಸ್ ಬರುತ್ತದೆ. ಸಮುದ್ರದಲ್ಲಿ ಈ ಒರಟುತನ ತರುವುದು ಗಾಳಿ ಎಬ್ಬಿಸುವ ಸಣ್ಣ ಸಣ್ಣ ಅಲೆಗಳು. ಓಷನ್‌ಸ್ಯಾಟ್-2ರ ಸ್ಕ್ಯಾಟರೋಮೀಟರ್ 13.515 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡಿನದು. ಅದರ ತರಂಗದ ಉದ್ದ ಸುಮಾರು 2.2 ಸೆಂ.ಮೀ. ಅದಕ್ಕೆ ಚೆನ್ನಾಗಿ ಕಾಣುವುದು ಸುಮಾರು ಒಂದೂವರೆ ಸೆಂ.ಮೀ. ಉದ್ದದ ಪುಟ್ಟ ಅಲೆಗಳು. ಆಸ್ಕ್ಯಾಟ್ ಬಳಸುವುದು 5.255 ಗಿಗಾಹರ್ಟ್ಸ್‌ನ ಸಿ ಬ್ಯಾಂಡ್, ತರಂಗ 5.7 ಸೆಂ.ಮೀ. ಈ ವ್ಯತ್ಯಾಸ ನೆನಪಿರಲಿ. ಮುಂದೆ ಮಳೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ವಾಪಸ್ ಬಂದ ಪ್ರಮಾಣಕ್ಕೆ ಸಿಗ್ಮಾ ನಾಟ್ ಅಂತ ಹೆಸರು. ಗಾಳಿಗೆ ಎದುರಾಗಿ ನೋಡಿದಾಗ ಅದು ಜಾಸ್ತಿ, ಗಾಳಿಯ ಬೆನ್ನ ಹಿಂದಿನಿಂದ ನೋಡಿದಾಗ ಸ್ವಲ್ಪ ಕಡಿಮೆ, ಅಡ್ಡಲಾಗಿ ನೋಡಿದಾಗ ಎಲ್ಲಕ್ಕಿಂತ ಕಡಿಮೆ. ಒಂದೇ ಕಡೆಯಿಂದ ನೋಡಿದರೆ ದಿಕ್ಕು ತಿಳಿಯುವುದಿಲ್ಲ. ಅದಕ್ಕೇ ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ನೋಡುತ್ತಾರೆ. ಅಷ್ಟಾದರೂ ಒಂದು ಜಾಗಕ್ಕೆ ನಾಲ್ಕರವರೆಗೆ ಉತ್ತರ ಬರುವುದುಂಟು. ಅವುಗಳಲ್ಲಿ ಒಂದನ್ನು ಸಾಫ್ಟ್‌ವೇರ್ ಆರಿಸುತ್ತದೆ. ದಿಕ್ಕಿನ ತೊಂದರೆಗಳಲ್ಲಿ ಅರ್ಧದಷ್ಟು ಈ ಆಯ್ಕೆಯಿಂದಲೇ ಬರುತ್ತವೆ.

ಲಕ್ಷಣ: ಗಾಳಿಯ ವೇಗ 850, 1200, ಅಥವಾ ಮೈನಸ್ 32767

ಇದು ಎಲ್ಲಕ್ಕಿಂತ ಸುಲಭದ ದೋಷ. ಫೈಲಿನಲ್ಲಿ ಜಾಗ ಉಳಿಸಲು ಅಂಕಿಗಳನ್ನು ಪೂರ್ಣಾಂಕವಾಗಿ ಇಟ್ಟಿರುತ್ತಾರೆ. 850 ಅಂದರೆ 8.50 ಮೀ/ಸೆ., 0.01ರಿಂದ ಗುಣಿಸಬೇಕು. ದಿಕ್ಕಿಗೆ ಆ ಗುಣಕ ಬೇರೆ ಇರಬಹುದು, ಎಷ್ಟೋ ಫೈಲುಗಳಲ್ಲಿ 0.1. ಮೈನಸ್ 32767 ಅಂದರೆ ಅಲ್ಲಿ ಡೇಟಾ ಇಲ್ಲ ಎಂಬ ಗುರುತು. ನೆಟ್‌ಸಿಡಿಎಫ್ ಎಂಬ ಮಾದರಿಯ ಫೈಲಾದರೆ ಅದರೊಳಗಿನ ವಿವರಣೆಗಳಲ್ಲಿ, ಅಂದರೆ ಆಟ್ರಿಬ್ಯೂಟ್‌ಗಳಲ್ಲಿ ಸ್ಕೇಲ್ ಫ್ಯಾಕ್ಟರ್ (ಆ ಗುಣಕ) ಮತ್ತು ಫಿಲ್ ವ್ಯಾಲ್ಯೂ (ಡೇಟಾ ಇಲ್ಲ ಎಂಬ ಗುರುತು) ಎರಡನ್ನೂ ನೋಡಿ.

ಒಂದು ಎಚ್ಚರಿಕೆ. ಪೈಥಾನಿನ ಕೆಲವು ಲೈಬ್ರರಿಗಳು ಈ ಗುಣಾಕಾರವನ್ನು ತಾವೇ ಮಾಡಿಬಿಡುತ್ತವೆ. ನೀವು ಮತ್ತೆ ಗುಣಿಸಿದರೆ ಗಾಳಿ 0.085 ಮೀ/ಸೆ. ಆಗುತ್ತದೆ. ಸಮುದ್ರವೆಲ್ಲ ತಣ್ಣಗೆ ಮಲಗಿದ ಹಾಗೆ ಮ್ಯಾಪ್ ಬಂದರೆ ಎರಡು ಸಲ ಗುಣಿಸಿದ್ದೀರಾ ನೋಡಿ.

ಫಿಲ್ ವ್ಯಾಲ್ಯೂ ತೆಗೆಯದೆ ಸರಾಸರಿ ಹಾಕಿದರೆ ಇನ್ನೂ ಕಷ್ಟ. ಒಂದೇ ಒಂದು ಮೈನಸ್ 32767 ಸೇರಿಕೊಂಡರೂ ಇಡೀ ತಿಂಗಳ ಸರಾಸರಿ ಹಾಳಾಗುತ್ತದೆ. ಗುಣಕ ಹಾಕಿದ ಮೇಲೆ ಅದು ಮೈನಸ್ 327.67 ಆಗಿ ಸುಮ್ನೆ ಒಳಗೆ ಕೂತಿರುತ್ತದೆ. ಸರಾಸರಿ ಮಾಡುವ ಮೊದಲು ಅತಿ ಕಡಿಮೆ ಮತ್ತು ಅತಿ ಹೆಚ್ಚು ಬೆಲೆಯನ್ನು ಒಮ್ಮೆ ಪ್ರಿಂಟ್ ಮಾಡಿ ನೋಡಿ.

ಲಕ್ಷಣ: ಮ್ಯಾಪಿನಲ್ಲಿ ದೊಡ್ಡ ಖಾಲಿ ಪಟ್ಟಿ, ಅಥವಾ ಬೇಕಾದ ದಿನದ ಡೇಟಾನೇ ಇಲ್ಲ

ಆಸ್ಕ್ಯಾಟ್‌ನಲ್ಲಿ ಖಾಲಿ ಪಟ್ಟಿ ಇರಲೇಬೇಕು. ಅದು ಎಡಕ್ಕೂ ಬಲಕ್ಕೂ ಸುಮಾರು 550 ಕಿ.ಮೀ. ಅಗಲದ ಎರಡು ಪಟ್ಟಿ ನೋಡುತ್ತದೆ, ಉಪಗ್ರಹದ ನೇರ ಕೆಳಗಿನ ಭಾಗ ಬಿಟ್ಟುಹೋಗುತ್ತದೆ. ಓಷನ್‌ಸ್ಯಾಟ್-2ರಂಥ ತಿರುಗುವ ಆಂಟೆನಾದಲ್ಲಿ ನಡುವೆ ಖಾಲಿ ಇರುವುದಿಲ್ಲ, ಒಳ ಕಿರಣ 1400 ಕಿ.ಮೀ., ಹೊರ ಕಿರಣ 1840 ಕಿ.ಮೀ. ಅಗಲ ಆವರಿಸುತ್ತದೆ. ಆದರೆ ಭೂಮಧ್ಯರೇಖೆಯ ಹತ್ತಿರ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಜಾಗ ಉಳಿಯುತ್ತದೆ.

ದಿನದ ಡೇಟಾ ಸಿಗದಿದ್ದರೆ ಉಪಗ್ರಹ ಆಗ ಕೆಲಸ ಮಾಡುತ್ತಿತ್ತಾ ಅಂತ ಮೊದಲು ನೋಡಿ. 2009ರ ಸೆಪ್ಟೆಂಬರ್ 23ರಂದು ಹಾರಿದ ಓಷನ್‌ಸ್ಯಾಟ್-2ರ ಸ್ಕ್ಯಾಟರೋಮೀಟರ್ 2014ರ ಫೆಬ್ರವರಿಯಲ್ಲಿ ನಿಂತಿತು. 2016ರ ಸೆಪ್ಟೆಂಬರ್ 26ರಂದು ಹಾರಿದ ಸ್ಕ್ಯಾಟ್‌ಸ್ಯಾಟ್-1ರ ಡೇಟಾ 2021ರ ಫೆಬ್ರವರಿಗೆ ಮುಗಿಯುತ್ತದೆ. ಇಒಎಸ್-06 ಹಾರಿದ್ದು 2022ರ ನವೆಂಬರ್ 26ರಂದು. ಹಾಗಾಗಿ 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದ ತೌಕ್ತೆ ಚಂಡಮಾರುತವನ್ನು ಇಸ್ರೋ ಸ್ಕ್ಯಾಟರೋಮೀಟರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಸ್ಕ್ಯಾಟ್ ನೋಡಿ.

ನಾಸಾದ ಕ್ವಿಕ್‌ಸ್ಕ್ಯಾಟ್ ಉಪಗ್ರಹದ ವಿಷಯ ಸ್ವಲ್ಪ ಬೇರೆ. 2009ರ ನವೆಂಬರ್ 23ರಂದು ಅದರ ಆಂಟೆನಾ ತಿರುಗುವುದು ನಿಂತಿತು. ಆದರೆ 2018ರವರೆಗೂ ಅದನ್ನು ಒಂದೇ ಕೋನದಲ್ಲಿಟ್ಟು ಬೇರೆ ಉಪಗ್ರಹಗಳನ್ನು ತಾಳೆ ನೋಡಲು ಬಳಸಿದರು. ಆ ಅವಧಿಯ ಡೇಟಾ ಒಂದು ಸಣ್ಣ ಗೆರೆಯ ಹಾಗೆ ಕಂಡರೆ ಗಾಬರಿ ಬೇಡ, ಅದು ಇರುವುದೇ ಹಾಗೆ. ಮೊದಲಿನ ಗಾಳಿಯ ಡೇಟಾ ಜೊತೆ ಮಾತ್ರ ಅದನ್ನು ಸೇರಿಸಬೇಡಿ.

ಲಕ್ಷಣ: ಮ್ಯಾಪಿನ ಮಧ್ಯೆ ಕತ್ತರಿಸಿದ ಹಾಗೆ ನೇರ ಗೆರೆ

ದಿನದ ಸಂಯೋಜಿತ ಮ್ಯಾಪ್, ಅಂದರೆ ಮೂರನೇ ಹಂತದ ಉತ್ಪನ್ನ ಬಳಸುತ್ತಿದ್ದರೆ ಇದು ಸಹಜ. ಗೆರೆಯ ಒಂದು ಕಡೆಯ ಡೇಟಾ ಬೆಳಗ್ಗೆಯದು, ಇನ್ನೊಂದು ಕಡೆಯದು ರಾತ್ರಿಯದು. ಗಾಳಿ ಅಷ್ಟು ಹೊತ್ತಿಗೆ ಬದಲಾಗಿರುತ್ತದೆ. ಎರಡನೇ ಹಂತದ, ಅಂದರೆ ಒಂದೊಂದು ಸುತ್ತಿನ ಫೈಲ್ ತೆಗೆದು ನೋಡಿ. ಗೆರೆ ಮಾಯವಾದರೆ ದೋಷ ಇಲ್ಲ.

ಲಕ್ಷಣ: ಬಾಣಗಳು ಉಲ್ಟಾ

ಇಲ್ಲಿ ಮೊದಲ ಪ್ರಶ್ನೆ: ಇಡೀ ಮ್ಯಾಪ್ ಉಲ್ಟಾನಾ, ಒಂದು ತುಂಡು ಮಾತ್ರನಾ?

ಇಡೀ ಮ್ಯಾಪ್ ಉಲ್ಟಾ ಇದ್ದರೆ ಅದು ದಿಕ್ಕು ಹೇಳುವ ಪದ್ಧತಿಯ ಗೊಂದಲ. ಹವಾಮಾನದವರು ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ಬರೆಯುತ್ತಾರೆ. ಸಮುದ್ರ ವಿಜ್ಞಾನದವರು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಎರಡರ ನಡುವೆ 180 ಡಿಗ್ರಿ ವ್ಯತ್ಯಾಸ. ಒಂದೇ ಸಂಸ್ಥೆಯ ನೆಟ್‌ಸಿಡಿಎಫ್ ಫೈಲ್ ಒಂದು ಪದ್ಧತಿಯಲ್ಲೂ ಬಫರ್ (BUFR) ಎಂಬ ಮಾದರಿಯ ಫೈಲ್ ಇನ್ನೊಂದರಲ್ಲೂ ಇರುವುದುಂಟು. ಊಹೆ ಬೇಡ, ಫೈಲಿನ ವಿವರಣೆ ಓದಿ.

ಓದಿದ ಮೇಲೂ ಒಮ್ಮೆ ಪರೀಕ್ಷೆ ಮಾಡಿ. ಜುಲೈ ತಿಂಗಳ ಒಂದು ಫೈಲ್ ತೆಗೆದು ಸೊಮಾಲಿಯಾದಾಚೆ 10 ಡಿಗ್ರಿ ಉತ್ತರ, 55 ಡಿಗ್ರಿ ಪೂರ್ವದ ಸುತ್ತ ನೋಡಿ. ಮುಂಗಾರಿನಲ್ಲಿ ಅಲ್ಲಿ ನೈಋತ್ಯದಿಂದ ಈಶಾನ್ಯಕ್ಕೆ ಜೋರು ಗಾಳಿ ಬೀಸುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ದಿಕ್ಕು 45ರ ಆಸುಪಾಸು ಇದ್ದರೆ ಫೈಲು 'ಎಲ್ಲಿಗೆ' ಪದ್ಧತಿಯದು. 225ರ ಆಸುಪಾಸು ಇದ್ದರೆ 'ಎಲ್ಲಿಂದ' ಪದ್ಧತಿಯದು.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಗಾಳಿಯನ್ನು ಪೂರ್ವದ ಕಡೆಗಿನ ಮತ್ತು ಉತ್ತರದ ಕಡೆಗಿನ ಘಟಕಗಳಾಗಿ ಬಿಡಿಸುವಾಗ ಸೈನ್, ಕೊಸೈನ್ ಅದಲುಬದಲಾಗಿದ್ದರೆ ಇದು ಹಿಡಿಯುವುದಿಲ್ಲ. 45 ಡಿಗ್ರಿಯಲ್ಲಿ ಎರಡೂ ಒಂದೇ ಬೆಲೆ ಅಲ್ವಾ? ಆ ತಪ್ಪು ಹಿಡಿಯಲು ಜುಲೈನಲ್ಲೇ ಮಂಗಳೂರಿನಿಂದ ಗೋವಾದವರೆಗಿನ ಕಡಲಾಚೆ ಬನ್ನಿ. ಇಲ್ಲಿ ಗಾಳಿ ಹೆಚ್ಚುಕಡಿಮೆ ಪಶ್ಚಿಮದಿಂದ ಬರುತ್ತದೆ. ಪೂರ್ವ ಘಟಕ ದೊಡ್ಡದಾಗಿ, ಧನ ಬೆಲೆಯಲ್ಲಿರಬೇಕು. ಉತ್ತರ ಘಟಕ ಚಿಕ್ಕದಿರಬೇಕು. ಗಾಳಿ ದಕ್ಷಿಣದಿಂದ ಉತ್ತರಕ್ಕೆ ಹೋದ ಹಾಗೆ ಬಂದರೆ ನಿಮ್ಮ ಸೂತ್ರದಲ್ಲಿ ಅದಲುಬದಲಾಗಿದೆ. 'ಎಲ್ಲಿಗೆ' ಪದ್ಧತಿಯಲ್ಲಿ ಪೂರ್ವ ಘಟಕ ವೇಗ ಗುಣಿಸು ಸೈನ್, ಉತ್ತರ ಘಟಕ ವೇಗ ಗುಣಿಸು ಕೊಸೈನ್. 'ಎಲ್ಲಿಂದ' ಪದ್ಧತಿಯಾದರೆ ಎರಡಕ್ಕೂ ಮೈನಸ್ ಸೇರಿಸಿ. ಡಿಗ್ರಿಯನ್ನು ರೇಡಿಯನ್ ಮಾಡದೆ ಹಾಕಿದರೆ ಬಾಣಗಳು ಯಾವ ಕ್ರಮವೂ ಇಲ್ಲದೆ ಚೆಲ್ಲಾಪಿಲ್ಲಿಯಾಗುತ್ತವೆ, ಅದನ್ನು ನೋಡಿದ ಕೂಡಲೇ ಗುರುತಿಸಬಹುದು.

ಒಂದು ತುಂಡು ಮಾತ್ರ ಉಲ್ಟಾ ಇದ್ದು, ಅದರ ಅಂಚಿನಲ್ಲಿ ಬಾಣಗಳು ಥಟ್ಟನೆ ತಿರುಗಿದ್ದರೆ ಅದು ನಾಲ್ಕರವರೆಗಿನ ಉತ್ತರಗಳಲ್ಲಿ ಒಂದನ್ನು ಸಾಫ್ಟ್‌ವೇರ್ ಆರಿಸುವಾಗ ಆದ ತಪ್ಪು. ಒಂದು ಒಳ್ಳೆಯ ಸುಳಿವು ಇದೆ. ದಿಕ್ಕು ಥಟ್ಟನೆ ಬದಲಾಗಿದ್ದರೂ ವೇಗ ಅಲ್ಲಿ ಮಾಮೂಲಿಯಂತೆ ಸಾಗುತ್ತಿರುತ್ತದೆ. ಗಾಳಿ 3 ಮೀ/ಸೆ.ಗಿಂತ ಕಡಿಮೆ ಇರುವ ಕಡೆ, ಚಂಡಮಾರುತದ ಕೇಂದ್ರದ ಬಳಿ, ಪಟ್ಟಿಯ ಅಂಚುಗಳಲ್ಲಿ ಇದು ಜಾಸ್ತಿ. ತಿರುಗುವ ಆಂಟೆನಾದ ಉಪಗ್ರಹಗಳಲ್ಲಿ ಪಟ್ಟಿಯ ತೀರಾ ಅಂಚಿಗೆ ಹೊರ ಕಿರಣ ಮಾತ್ರ ತಲುಪುತ್ತದೆ, ಮುಂದಿನ ನೋಟಕ್ಕೂ ಹಿಂದಿನ ನೋಟಕ್ಕೂ ಕೋನದ ವ್ಯತ್ಯಾಸ ತುಂಬಾ ಕಡಿಮೆ. ನಟ್ಟನಡುವೆ ಆ ಎರಡು ನೋಟಗಳು ಒಂದಕ್ಕೊಂದು ನೇರ ಎದುರು ಬೀಳುತ್ತವೆ. ಎರಡು ಕಡೆಯೂ ದಿಕ್ಕು ದುರ್ಬಲ. ಇವೆರಡರ ನಡುವಿನ ಭಾಗವನ್ನು ಧೈರ್ಯವಾಗಿ ನಂಬಬಹುದು.

ಈ ಉತ್ತರಗಳಲ್ಲಿ ಒಂದನ್ನು ಆರಿಸಲು ಸಾಫ್ಟ್‌ವೇರ್ ಹವಾಮಾನ ಮಾದರಿಯ ನೆರವು ಪಡೆಯುತ್ತದೆ. ಮಾದರಿ ಚಂಡಮಾರುತದ ಕೇಂದ್ರವನ್ನು ಬೇರೆ ಕಡೆ ಇಟ್ಟಿದ್ದರೆ ಬಾಣಗಳ ಸುಳಿಯೂ ಅತ್ತ ಸರಿಯಬಹುದು. ಫೈಲಿನಲ್ಲಿ ಉಳಿದ ಉತ್ತರಗಳೂ ಇದ್ದರೆ ಅವನ್ನೆಲ್ಲ ಒಟ್ಟಿಗೆ ಬಿಡಿಸಿ ನೋಡಿ. ಸರಿಯಾದ ಸುಳಿ ಅದರಲ್ಲಿ ಕಾಣುವುದುಂಟು. ಆದರೆ ಕೈಯಾರೆ ಬಾಣ ತಿರುಗಿಸಿ, ಅದನ್ನು ಹೇಳದೆ ಪ್ರಕಟಿಸಬೇಡಿ.

ಲಕ್ಷಣ: ಸುತ್ತ ಮೆಲ್ಲನೆ ಗಾಳಿ, ನಡುವೆ ಒಂದು ತುಂಡಿನಲ್ಲಿ ಮಾತ್ರ ಬಿರುಗಾಳಿ

ಇದು ಮಳೆ ಇರಬಹುದು ಅಂತಲೇ ಶುರು ಮಾಡಿ. ಕೆಯು ಬ್ಯಾಂಡಿನ 2.2 ಸೆಂ.ಮೀ. ತರಂಗಕ್ಕೆ ಮಳೆಹನಿ ದೊಡ್ಡ ಅಡ್ಡಿ. ಮಳೆ ಮೂರು ಕೆಲಸ ಮಾಡುತ್ತದೆ. ಹನಿಗಳು ತಾವೇ ಸಂಕೇತವನ್ನು ವಾಪಸ್ ಕಳಿಸುತ್ತವೆ. ನೀರಿಗೆ ಬಿದ್ದು ಮೇಲ್ಮೈಯನ್ನು ಒರಟು ಮಾಡುತ್ತವೆ. ದಾರಿಯಲ್ಲಿ ಸಂಕೇತವನ್ನು ತಿಂದು ಹಾಕುತ್ತವೆ. ಗಾಳಿ ಕಡಿಮೆ ಇದ್ದಾಗ ಮೊದಲ ಎರಡು ಗೆಲ್ಲುತ್ತವೆ, ವೇಗ ಜಾಸ್ತಿ ಕಾಣುತ್ತದೆ. ನಿಜವಾದ ಬಿರುಗಾಳಿಯಲ್ಲಿ ಮೂರನೆಯದು ಗೆಲ್ಲುತ್ತದೆ, ವೇಗ ಕಡಿಮೆ ಕಾಣುತ್ತದೆ. ಅಂದರೆ ಒಂದೇ ಮಳೆ ಎರಡು ಕಡೆಗೂ ತಪ್ಪು ತೋರಿಸಬಲ್ಲದು.

ಇನ್ನೊಂದು ಗುರುತು ಬಾಣಗಳಲ್ಲಿದೆ. ಮಳೆ ಜೋರಾಗಿರುವ ಕಡೆ ಎಲ್ಲ ಕೋನದಿಂದಲೂ ಸಿಗ್ಮಾ ನಾಟ್ ಹೆಚ್ಚುಕಡಿಮೆ ಒಂದೇ ಬರುತ್ತದೆ. ಆಗ ತಿರುಗುವ ಆಂಟೆನಾದ ಉಪಗ್ರಹಗಳಲ್ಲಿ ಗಾಳಿಯ ದಿಕ್ಕು ಉಪಗ್ರಹದ ಹಾದಿಗೆ ಅಡ್ಡಲಾಗಿ ಬೀಳುವುದು ಜಾಸ್ತಿ. ಬಿರುಸಿನ ತುಂಡಿನೊಳಗೆ ಬಾಣಗಳು ಶಿಸ್ತಾಗಿ ಹಾದಿಗೆ ಅಡ್ಡ ನಿಂತಿದ್ದರೆ ಮಳೆಯ ಅನುಮಾನ ಗಟ್ಟಿಯಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಮೊದಲು ಗುಣಮಟ್ಟದ ಫ್ಲ್ಯಾಗಿನಲ್ಲಿ ಮಳೆಯ ಬಿಟ್ ನೋಡಿ. ಈ ಫ್ಲ್ಯಾಗ್ ಒಂದು ಅಂಕವಲ್ಲ, ಹತ್ತಾರು ಹೌದು–ಅಲ್ಲಗಳನ್ನು ಒಂದೇ ಸಂಖ್ಯೆಯಲ್ಲಿ ಕೂಡಿಸಿಟ್ಟದ್ದು. 'ಸೊನ್ನೆಯಾದರೆ ಒಳ್ಳೆಯದು, ದೊಡ್ಡದಾದರೆ ಕೆಟ್ಟದು' ಅಂತ ಓದಬೇಡಿ, ಒಂದೊಂದು ಬಿಟ್ ಬಿಡಿಸಿ ಓದಿ. ಗಾಳಿ ಕಡಿಮೆ ಎಂಬ ಮಾಹಿತಿಗೂ ಅಲ್ಲೊಂದು ಬಿಟ್ ಇರುತ್ತದೆ, ಅದು ದೋಷವಲ್ಲ. ಆಮೇಲೆ ಅದೇ ಹೊತ್ತಿನ ಇನ್‌ಸ್ಯಾಟ್ ಮೋಡದ ಚಿತ್ರವನ್ನೋ ನಾಸಾದ ಐಮರ್ಗ್ ಎಂಬ ಅರ್ಧ ಗಂಟೆಯ ಮಳೆ ಡೇಟಾವನ್ನೋ ಪಕ್ಕದಲ್ಲಿಡಿ. ಹತ್ತಿರದ ಹೊತ್ತಿನ ಆಸ್ಕ್ಯಾಟ್ ಸಿಕ್ಕರೆ ಇನ್ನೂ ಒಳ್ಳೆಯದು. ಸಿ ಬ್ಯಾಂಡಿಗೆ ಮಳೆಯ ತೊಂದರೆ ತುಂಬಾ ಕಡಿಮೆ.

ಆಸ್ಕ್ಯಾಟ್‌ನಲ್ಲೂ ಅದೇ ಬಿರುಸು ಕಂಡರೆ? ಆಗ ಅದು ನಿಜವಾದ ಗಾಳಿ ಇರಬಹುದು. ದೊಡ್ಡ ಮಳೆಮೋಡದಿಂದ ತಂಪು ಗಾಳಿ ಕೆಳಗೆ ಧುಮುಕಿ, ಸಮುದ್ರದ ಮೇಲೆ ಸುತ್ತ ಹರಡುತ್ತದೆ.

ಮಳೆ ಫ್ಲ್ಯಾಗ್ ಬಿದ್ದದ್ದನ್ನೆಲ್ಲ ಕಣ್ಣು ಮುಚ್ಚಿ ತೆಗೆದುಹಾಕುವುದು ಮುಂಗಾರಿನ ಕೆಲಸಕ್ಕೆ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಜೂನ್, ಜುಲೈನಲ್ಲಿ ನಮ್ಮ ಕಡೆ ಜೋರು ಗಾಳಿಯೂ ಮಳೆಯೂ ಒಟ್ಟಿಗೇ ಬರುತ್ತವೆ. ಮಳೆಯ ಜಾಗಗಳನ್ನೆಲ್ಲ ಕಿತ್ತರೆ ಉಳಿಯುವುದು ಮಳೆಯಿಲ್ಲದ ಹೊತ್ತಿನ ಗಾಳಿಯ ಸರಾಸರಿ. ಎರಡು ಲೆಕ್ಕವನ್ನೂ ಹಾಕಿ, ಎಷ್ಟು ವ್ಯತ್ಯಾಸ ಬಂತು ಅಂತ ಬರೆಯಿರಿ.

ಲಕ್ಷಣ: ಕರಾವಳಿಗೆ ಅಂಟಿಕೊಂಡ ಹಾಗೆ ಜೋರು ಗಾಳಿಯ ಪಟ್ಟಿ

ಕಾರವಾರದಿಂದ ಮಂಗಳೂರಿನವರೆಗೆ ದಡದುದ್ದಕ್ಕೂ ಒಂದೇ ಸಮನೆ ಗಾಳಿ ಜಾಸ್ತಿ ಕಂಡರೆ ಅದು ಬಹುತೇಕ ನೆಲದ ಸಂಕೇತ. ನೆಲ ಸಾಮಾನ್ಯವಾಗಿ ಸಮುದ್ರಕ್ಕಿಂತ ಹೆಚ್ಚು ವಾಪಸ್ ಕಳಿಸುತ್ತದೆ. ಗಾಳಿಯ ಒಂದು ಕೋಶ 25 ಕಿ.ಮೀ. ಅಗಲ ಇರುತ್ತದೆ. ಅದರ ಮೂಲೆ ದಡ ಮುಟ್ಟಿದರೂ ಸಾಕು. ಭೂಮಿ ಫ್ಲ್ಯಾಗ್ ನೋಡಿ, ದಡದಿಂದ ದೂರ ಹೋದ ಹಾಗೆ ವೇಗ ಹೇಗೆ ಇಳಿಯುತ್ತದೆ ಎಂದು ಗ್ರಾಫ್ ಹಾಕಿ. ಒಂದೆರಡು ಕೋಶದೊಳಗೆ ಮಟ್ಟಕ್ಕೆ ಬಂದರೆ ಅದು ನೆಲದ ಸೋಂಕು. ಕರಾವಳಿಗೆಂದೇ ತಯಾರಿಸಿದ 12.5 ಕಿ.ಮೀ. ಉತ್ಪನ್ನ ಇದ್ದರೆ ಅದನ್ನು ಬಳಸಿ. ಬಂದರಿನೊಳಗಿನ, ಅಳಿವೆಯೊಳಗಿನ ಗಾಳಿಗೆ ಸ್ಕ್ಯಾಟರೋಮೀಟರ್ ಬೇಡವೇ ಬೇಡ.

ಲಕ್ಷಣ: ಬೂಯ್ ಹೇಳುವುದೊಂದು, ಉಪಗ್ರಹ ಹೇಳುವುದೊಂದು

ಸಮುದ್ರದಲ್ಲಿ ತೇಲುವ ಮಾಪನ ಕೇಂದ್ರದ, ಅಂದರೆ ಬೂಯ್‌ನ ಡೇಟಾ ಜೊತೆ ತಾಳೆ ಬರದಿದ್ದಾಗ ಮೊದಲು ಗಡಿಯಾರ ನೋಡಿ. ಉಪಗ್ರಹದ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮೆಟಾಪ್ ಭೂಮಧ್ಯರೇಖೆ ದಾಟುವುದು ಸ್ಥಳೀಯ ಸೂರ್ಯಸಮಯ ಬೆಳಗ್ಗೆ ಮತ್ತು ರಾತ್ರಿ 9:30ಕ್ಕೆ. 75 ಡಿಗ್ರಿ ಪೂರ್ವದಲ್ಲಿ ಸೂರ್ಯಸಮಯ ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಅಂದರೆ ನಮ್ಮ ಗಡಿಯಾರದಲ್ಲಿ ಸುಮಾರು 10 ಗಂಟೆ, ಯುಟಿಸಿಯಲ್ಲಿ ನಾಲ್ಕೂವರೆ. ಇಲ್ಲಿ ಐದೂವರೆ ಗಂಟೆ ತಪ್ಪಿದರೆ ಬೆಳಗಿನ ಮಂದ ಗಾಳಿಯನ್ನು ಮಧ್ಯಾಹ್ನದ ಕಡಲಗಾಳಿಯ ಜೊತೆ ಹೋಲಿಸಿದ ಹಾಗಾಗುತ್ತದೆ. ದಡದ ಹತ್ತಿರ, ಅದರಲ್ಲೂ ಬೇಸಿಗೆಯಲ್ಲಿ, ಇದು ದೊಡ್ಡ ವ್ಯತ್ಯಾಸ ತರುತ್ತದೆ.

ಎರಡನೆಯದು ಎತ್ತರ. ಸ್ಕ್ಯಾಟರೋಮೀಟರ್ ಕೊಡುವುದು 10 ಮೀಟರ್ ಎತ್ತರದ ಗಾಳಿ. ಬೂಯ್ ಮೇಲಿನ ಗಾಳಿಮಾಪಕ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. 3 ಮೀಟರ್ ಅಂತ ಇಟ್ಟುಕೊಳ್ಳೋಣ. ಸಮುದ್ರದ ಒರಟುತನವನ್ನು 0.0002 ಮೀಟರ್ ಅಂತ ಹಿಡಿದು ಲಾಗರಿದಮ್ ಸೂತ್ರ ಹಾಕಿದರೆ, 10 ಮೀಟರಿನ ಗಾಳಿ 3 ಮೀಟರಿನದಕ್ಕಿಂತ ಸುಮಾರು ಶೇ. 12 ಜಾಸ್ತಿ ಬರುತ್ತದೆ. ಬೂಯ್ 8 ಮೀ/ಸೆ. ಅಂದಾಗ ಉಪಗ್ರಹ 9 ಅಂದರೆ ಇಬ್ಬರೂ ಸರಿ.

ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ. ಸ್ಕ್ಯಾಟರೋಮೀಟರ್‌ಗೆ ಕಾಣುವುದು ನೀರಿನ ಮೇಲಿನ ಅಲೆ. ನೀರೇ ಗಾಳಿಯ ದಿಕ್ಕಿಗೆ ಹರಿಯುತ್ತಿದ್ದರೆ ಅಲೆ ಕಡಿಮೆ ಏಳುತ್ತದೆ. ಅಂದರೆ ಅದು ಅಳೆಯುವುದು ನೀರಿಗೆ ಹೋಲಿಸಿದ ಗಾಳಿ. ಮುಂಗಾರಿನ ಸೊಮಾಲಿ ಪ್ರವಾಹ ಸೆಕೆಂಡಿಗೆ 2 ಮೀಟರಿನ ಸುತ್ತಮುತ್ತ ಓಡುವುದುಂಟು. ಅಲ್ಲಿ ಉಪಗ್ರಹದ ಗಾಳಿ ಅಷ್ಟರ ಮಟ್ಟಿಗೆ ಕಡಿಮೆ ಬಂದರೆ ಅದು ದೋಷವಲ್ಲ. ಗಾಳಿ ಮತ್ತು ನೀರಿನ ಉಷ್ಣತೆಯ ವ್ಯತ್ಯಾಸದಿಂದಲೂ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ಸಾಮಾನ್ಯವಾಗಿ ಅರ್ಧ ಮೀ/ಸೆ. ಒಳಗೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ 2 ಮೀ/ಸೆ., 20 ಡಿಗ್ರಿಯ ಒಳಗಿನ ವ್ಯತ್ಯಾಸ ಉಳಿದರೆ ಅಲ್ಲಿಗೆ ನಿಲ್ಲಿಸಿ. ಈ ಉಪಕರಣಗಳನ್ನು ವಿನ್ಯಾಸ ಮಾಡಿದ್ದೇ ಹೆಚ್ಚುಕಡಿಮೆ ಆ ನಿಖರತೆಗೆ. ಬೂಯ್ ಒಂದು ಬಿಂದುವಿನದು, ಉಪಗ್ರಹದ್ದು 25 ಕಿ.ಮೀ. ಚೌಕದ್ದು.

ಲಕ್ಷಣ: ಚಂಡಮಾರುತದ ವೇಗ ಹವಾಮಾನ ಇಲಾಖೆ ಹೇಳಿದ್ದಕ್ಕಿಂತ ಕಡಿಮೆ

ಕಡಿಮೆ ಬರುವುದೇ ಸಹಜ. ಕಣ್ಣಿನ ಸುತ್ತಲ ಬಿರುಗಾಳಿಯ ಉಂಗುರ ತೆಳ್ಳಗಿರುತ್ತದೆ, 25 ಕಿ.ಮೀ. ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಕೆಯು ಬ್ಯಾಂಡಿನಲ್ಲಿ ಮಳೆ ಇನ್ನಷ್ಟು ತಿನ್ನುತ್ತದೆ. 30 ಮೀ/ಸೆ. ದಾಟಿದ ಮೇಲೆ ಗಾಳಿ ಎಷ್ಟು ಏರಿದರೂ ಸಿಗ್ಮಾ ನಾಟ್ ಏರುವುದು ಕಡಿಮೆ. ಜೊತೆಗೆ ಭಾರತದ ಹವಾಮಾನ ಇಲಾಖೆ ಹೇಳುವುದು 3 ನಿಮಿಷದ ಸರಾಸರಿ, ಕಿ.ಮೀ./ಗಂಟೆ ಅಥವಾ ನಾಟ್ (ಗಂಟೆಗೆ ನಾಟಿಕಲ್ ಮೈಲಿ) ಲೆಕ್ಕದಲ್ಲಿ. 1 ಮೀ/ಸೆ. ಅಂದರೆ 3.6 ಕಿ.ಮೀ./ಗಂಟೆ. ಚಂಡಮಾರುತದ ಹೊರ ಸುತ್ತು, ಅಂದರೆ ಜೋರು ಗಾಳಿ ಎಷ್ಟು ದೂರ ಹರಡಿದೆ ಎಂಬುದನ್ನು ಸ್ಕ್ಯಾಟರೋಮೀಟರ್ ಚೆನ್ನಾಗಿ ತೋರಿಸುತ್ತದೆ. ಅದಕ್ಕೆ ಬಳಸಿ.

ಸುರಕ್ಷತೆಯ ಮಾತು: ನೀವು ಮಾಡಿದ ಮ್ಯಾಪ್ ನೋಡಿ ಯಾರಿಗೂ 'ಇವತ್ತು ಕಡಲಿಗೆ ಹೋಗಬಹುದು' ಅಂತ ಹೇಳಬೇಡಿ, ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇದ್ದರೂ ನಾಡದೋಣಿಯವರು ಮಳೆಗಾಲದಲ್ಲೂ ಇಳಿಯುತ್ತಾರೆ. ನಿಮ್ಮ ಫೈಲು ಕೆಲವು ಗಂಟೆ ಹಳೆಯದು. ದಡದ ಹತ್ತಿರ ಅದಕ್ಕೆ ಕಣ್ಣಿಲ್ಲ. ಎಚ್ಚರಿಕೆ ಕೊಡುವ ಕೆಲಸ ಹವಾಮಾನ ಇಲಾಖೆಯದು ಮತ್ತು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್‌ನದು. ಜೀವದ ಪ್ರಶ್ನೆ ಬಂದಾಗ ಅವರ ಮುನ್ಸೂಚನೆಯನ್ನೇ ತೋರಿಸಿ.

ಲಕ್ಷಣ: ಮಣ್ಣಿನ ತೇವಾಂಶ ನಂಬುವ ಹಾಗಿಲ್ಲ

ನೆಲದಿಂದ ವಾಪಸ್ ಬಂದ ಸಂಕೇತದಿಂದ ಮಣ್ಣಿನ ತೇವಾಂಶವನ್ನೂ ಲೆಕ್ಕ ಹಾಕುತ್ತಾರೆ. ಆಸ್ಕ್ಯಾಟ್‌ನ ತೇವಾಂಶ ಶೇ. 40 ಅಂತ ಬಂದು, ಹೊಲದ ಮೀಟರ್ 0.18 (ಮಣ್ಣಿನ ಗಾತ್ರದಲ್ಲಿ ನೀರಿನ ಪಾಲು) ಅಂದರೆ ಜಗಳ ಬೇಡ. ಮೊದಲನೆಯದು ಸಾಪೇಕ್ಷ ಅಳತೆ. ಆ ಜಾಗ ಇಷ್ಟು ವರ್ಷಗಳಲ್ಲಿ ತೀರಾ ಒಣಗಿದ್ದಾಗ 0, ತೀರಾ ನೆನೆದಾಗ 100. ಮಣ್ಣಿನ ರಂಧ್ರದ ಪ್ರಮಾಣ ಶೇ. 45 ಆದರೆ 0.40 ಗುಣಿಸು 0.45 ಅಂದರೆ 0.18. ಸರಿಯಾಗೇ ಇದೆ. ಇದು ಮೇಲಿನ ಒಂದೆರಡು ಸೆಂ.ಮೀ. ಮಣ್ಣಿನದು ಎಂಬುದೂ ನೆನಪಿರಲಿ. ಬೇರಿನ ಆಳದ ತೇವ ಬೇರೆ.

ಮಲೆನಾಡಿನಲ್ಲಿ ಬೆಲೆಗಳು ಏರಿಳಿದು ಅರ್ಥವಾಗದಿದ್ದರೆ ಕಾಡೂ ಗುಡ್ಡವೂ ಕಾರಣ. ಆಗುಂಬೆಯಂಥ ದಟ್ಟ ಕಾಡಿನಲ್ಲಿ ಸಂಕೇತ ಎಲೆಗಳಲ್ಲೇ ಉಳಿದು, ಮಣ್ಣು ಮುಟ್ಟುವುದೇ ಕಷ್ಟ. ಚಿತ್ರದುರ್ಗ, ಬಳ್ಳಾರಿಯ ಬಯಲಿನಲ್ಲಿ ಇದು ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತುಂಗಭದ್ರಾ ಜಲಾಶಯದ ಹತ್ತಿರ ಹುಷಾರು. ತುಂಬಿದಾಗ ಅದು 350 ಚದರ ಕಿ.ಮೀ.ಗಿಂತ ಜಾಸ್ತಿ ಹರಡುತ್ತದೆ, ಒಂದು ಕೋಶವೇ 625 ಚದರ ಕಿ.ಮೀ. ನೀರಿನ ಮೇಲೆ ಗಾಳಿ ಬೀಸಿದರೆ ಮಣ್ಣು ನೆನೆದ ಹಾಗೆ ಕಾಣಬಹುದು.

ಮರುಭೂಮಿಯಲ್ಲಿ ಬಿರುಬೇಸಿಗೆಗೆ ತೇವಾಂಶ ಏರಿದರೆ ಅದಕ್ಕೂ ಕಾರಣ ಇದೆ. ತೀರಾ ಒಣಗಿದ ಮಣ್ಣಿನೊಳಗೆ ಸಂಕೇತ ಆಳಕ್ಕಿಳಿದು ಕೆಳಗಿನ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ. ಅಂಥ ಕಡೆ ಆ ಡೇಟಾ ಬಿಟ್ಟುಬಿಡುವುದೇ ವಾಸಿ.

ಲಕ್ಷಣ: ವರ್ಷಗಳ ಗ್ರಾಫಿನಲ್ಲಿ ಥಟ್ಟನೆ ಮೆಟ್ಟಿಲು

ಎರಡು ಉಪಗ್ರಹ ಸೇರಿಸಿದ್ದೀರಾ? ಕ್ವಿಕ್‌ಸ್ಕ್ಯಾಟ್ ನೋಡುತ್ತಿದ್ದದ್ದು 46 ಮತ್ತು 54 ಡಿಗ್ರಿ ಓರೆಯಲ್ಲಿ, ಓಷನ್‌ಸ್ಯಾಟ್-2 ನೋಡುತ್ತಿದ್ದದ್ದು 49 ಮತ್ತು 57ರಲ್ಲಿ. ನೆಲದ ಮೇಲಿನ ಸಿಗ್ಮಾ ನಾಟ್ ಕೋನ ಹೆಚ್ಚಿದ ಹಾಗೆ ಇಳಿಯುತ್ತದೆ. ಸುಮ್ನೆ ಜೋಡಿಸಿದರೆ ಮೆಟ್ಟಿಲು ಬಂದೇ ಬರುತ್ತದೆ. ಒಳ ಕಿರಣ ಸಮತಲ (ಹಾರಿಜಾಂಟಲ್) ಧ್ರುವೀಕರಣದ್ದು, ಹೊರ ಕಿರಣ ಲಂಬದ್ದು. ಅವನ್ನೂ ಬೆರೆಸಬೇಡಿ. ಒಂದೇ ಉಪಗ್ರಹವಾದರೆ ಉತ್ಪನ್ನದ ಆವೃತ್ತಿ ಬದಲಾದ ದಿನ ನೋಡಿ.

ಸಿಗ್ಮಾ ನಾಟ್‌ನ ಸರಾಸರಿ ಮಾಡಿದ್ದು ಡೆಸಿಬಲ್‌ನಲ್ಲಾ? ಮೈನಸ್ 10 ಮತ್ತು ಮೈನಸ್ 20ರ ಸರಾಸರಿ ನೇರವಾಗಿ ಮೈನಸ್ 15. ಆದರೆ 0.1 ಮತ್ತು 0.01 ಮಾಡಿಕೊಂಡು ಸರಾಸರಿ ತೆಗೆದರೆ 0.055, ಅಂದರೆ ಮೈನಸ್ 12.6 ಡೆಸಿಬಲ್. ಮೊದಲು ಸಾಮಾನ್ಯ ಸಂಖ್ಯೆ ಮಾಡಿಕೊಳ್ಳಿ, ಸರಾಸರಿ ತೆಗೆಯಿರಿ, ಆಮೇಲೆ ಡೆಸಿಬಲ್ ಮಾಡಿ. ಗಾಳಿ ತೀರಾ ಕಡಿಮೆ ಇದ್ದಾಗ ಉಪಕರಣದ ನಾಯ್ಸ್ ಕಳೆದ ಮೇಲೆ ಸಿಗ್ಮಾ ನಾಟ್ ಋಣ ಸಂಖ್ಯೆಯೂ ಆಗಬಹುದು. ಅವನ್ನು ಬಿಸಾಡಿದರೆ ಸರಾಸರಿ ಮೇಲಕ್ಕೆ ಸರಿಯುತ್ತದೆ.

ಇದೆಲ್ಲ ಸರಿ ಇದ್ದೂ ಮೆಟ್ಟಿಲು ಉಳಿದರೆ ಅಮೆಜಾನ್ ಕಾಡಿಗೆ ಹೋಗಿ. ದಟ್ಟವಾದ, ವರ್ಷಪೂರ್ತಿ ಹಸಿರಾದ ಆ ಕಾಡು ಸಂಕೇತವನ್ನು ಬಹುತೇಕ ಒಂದೇ ಸಮನೆ ವಾಪಸ್ ಕಳಿಸುತ್ತದೆ, ಅದಕ್ಕೇ ಜಗತ್ತಿನವರೆಲ್ಲ ಅದನ್ನು ತೂಕದ ಕಲ್ಲಾಗಿ ಬಳಸುತ್ತಾರೆ. ಬೆಳಗಿನ ಮತ್ತು ಸಂಜೆಯ ಸುತ್ತುಗಳನ್ನು ಬೇರೆ ಬೇರೆ ಇಡಿ, ಇಬ್ಬನಿಯಿಂದ ಸಣ್ಣ ವ್ಯತ್ಯಾಸ ಇರುತ್ತದೆ. ಅಲ್ಲೂ ಅದೇ ದಿನ ಮೆಟ್ಟಿಲು ಕಂಡರೆ ಆಗ ಉಪಕರಣದ ಮೇಲೆ ಅನುಮಾನ ಪಡಲು ನಿಮಗೆ ಕಾರಣ ಸಿಕ್ಕಿತು.

ನೆಲದ ಮೇಲಿನ ಸ್ಕ್ಯಾಟರೋಮೀಟರ್ ಬಳಸುವವರಿಗೆ

ಹೊಲದ ಪಕ್ಕದ ಗೋಪುರದ ಮೇಲೆ ಇಡುವ ಉಪಕರಣದ ಅಳತೆ ಬಿಸಿಲೇರಿದ ಹಾಗೆ ಜಾರುತ್ತಿದ್ದರೆ ಮೊದಲು ಕೇಬಲ್, ಕನೆಕ್ಟರ್ ನೋಡಿ. ಮಳೆಯಾದ ಮೇಲೆ ಹಾಳಾದರೆ ಕನೆಕ್ಟರಿನಲ್ಲಿ ನೀರು ಹೊಕ್ಕಿದೆಯಾ ನೋಡಿ. ಗೊತ್ತಿರುವ ಅಳತೆಯ ಮೂಲೆ ಪ್ರತಿಫಲಕ (ಕಾರ್ನರ್ ರಿಫ್ಲೆಕ್ಟರ್) ಇಟ್ಟು ಬೆಳಗ್ಗೆ, ಮಧ್ಯಾಹ್ನ ಎರಡು ಹೊತ್ತೂ ತಾಳೆ ಮಾಡಿ. ಕನೆಕ್ಟರ್ ಬಿಚ್ಚುವ ಮೊದಲು ವಿದ್ಯುತ್ ತೆಗೆಯಿರಿ. ಸಂಕೇತ ಹೊರಡುತ್ತಿರುವಾಗ ಆಂಟೆನಾದ ಎದುರು ನಿಲ್ಲಬೇಡಿ. ಗುಡುಗು ಕೇಳಿಸಿದರೆ ಗೋಪುರ ಹತ್ತಬೇಡಿ, ಹತ್ತಿದ್ದರೆ ಇಳಿಯಿರಿ. ಟ್ರಾನ್ಸ್‌ಮಿಟರ್ ಪೆಟ್ಟಿಗೆಯನ್ನು ತಯಾರಕರ ಕಡೆಯವರೇ ತೆಗೆಯಲಿ.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಒಂದೇ ಕೋಶದ ವಿಚಿತ್ರಕ್ಕೆ ದೂರು ಬೇಡ. ಹಲವು ಸುತ್ತುಗಳಲ್ಲಿ, ಇಡೀ ಸಮುದ್ರದ ಮೇಲೆ, ಮಾದರಿಗೂ ಇನ್ನೊಂದು ಉಪಗ್ರಹಕ್ಕೂ ಎರಡಕ್ಕೂ ಹೊಂದದ ಒಂದೇ ರೀತಿಯ ವ್ಯತ್ಯಾಸ ಕಂಡರೆ ಬರೆಯಿರಿ. ಬರೆಯುವ ಮೊದಲು ಡೇಟಾ ಕೊಟ್ಟವರ ಪ್ರಕಟಣೆ ನೋಡಿ, ಉಪಗ್ರಹದ ಕಕ್ಷೆ ಸರಿಪಡಿಸಿದ ದಿನದ ಫೈಲಿರಬಹುದು. ಇಸ್ರೋ ಡೇಟಾವನ್ನು ಅದರ ಡೇಟಾ ತಾಣ ಮೋಸ್ಡಾಕ್‌ನಿಂದ ತೆಗೆದಿದ್ದರೆ ಅಲ್ಲಿಗೇ ಬರೆಯಿರಿ, ಆಸ್ಕ್ಯಾಟ್ ಆದರೆ ಯುರೋಪಿನ ಹವಾಮಾನ ಉಪಗ್ರಹ ಸಂಸ್ಥೆ ಯುಮೆಟ್‌ಸ್ಯಾಟ್‌ಗೆ.

'ನಿಮ್ಮ ಡೇಟಾ ಸರಿ ಇಲ್ಲ' ಅಂತಷ್ಟೇ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಫೈಲಿನ ಪೂರ್ಣ ಹೆಸರು, ಸುತ್ತಿನ ಸಂಖ್ಯೆ, ಉತ್ಪನ್ನದ ಆವೃತ್ತಿ, ಯುಟಿಸಿ ಸಮಯ, ಕೋಶದ ಸಾಲು ಮತ್ತು ಸ್ಥಾನ, ಆ ಕೋಶದ ಫ್ಲ್ಯಾಗ್ ಸಂಖ್ಯೆ, ನೀವು ಹೋಲಿಸಿದ ಇನ್ನೊಂದು ಡೇಟಾದ ಹೆಸರು ಕೊಡಿ. ಒಂದು ಚಿತ್ರವನ್ನೂ ಅದನ್ನು ಬಿಡಿಸಿದ ಪುಟ್ಟ ಕೋಡನ್ನೂ ಜೊತೆಗಿಡಿ. ಉತ್ತರ ಬರುವವರೆಗೆ ಆ ಮೂಲ ಫೈಲನ್ನು ಅಳಿಸಬೇಡಿ. ಅವರು ಮರುಸಂಸ್ಕರಣೆ ಮಾಡಿ ಹೊಸ ಆವೃತ್ತಿ ಹಾಕಿದರೆ ಹಳೆಯದು ಮತ್ತೆ ಸಿಗದೇ ಹೋಗಬಹುದು.